ಬಾವಿಯಲ್ಲಿ ಸಿಕ್ಕ ಬಿಳಿ ಮಣ್ಣು ಜ್ವಾಲಾಮುಖಿ ಬೂದಿನಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹೆಚ್ಚುಕಮ್ಮಿ ಒಂದೇ ವಿಷಯದ ಸುತ್ತ ಇದ್ವು, ನನಗೂ ತುಂಬಾ ಇಷ್ಟದ ವಿಷಯ, ಅದಕ್ಕೆ ಒಟ್ಟಿಗೇ ಉತ್ತರ ಬರೀತಿದೀನಿ.

ಪ್ರಶ್ನೆ: ತೋಟದಲ್ಲಿ ಬಾವಿ ತೋಡಿಸ್ತಿದ್ವಿ. ಜಂಬಿಟ್ಟಿಗೆ ದಾಟಿ ಇಪ್ಪತ್ತು ಅಡಿ ಆದ್ಮೇಲೆ ಹಿಟ್ಟಿನ ಹಾಗಿರೋ ಬಿಳಿ ಮಣ್ಣು ಬಂತು. ಇಂಡೋನೇಷ್ಯಾದ ಜ್ವಾಲಾಮುಖಿ ಬೂದಿ ಭಾರತದಲ್ಲೂ ಬಿದ್ದಿತ್ತು ಅಂತ ಓದಿದ್ದೆ. ಇದೂ ಅದೇ ಇರಬಹುದಾ? – ಓದುಗರು, ಹೊಸನಗರ ತಾಲೂಕು

ಉತ್ತರ: ನೀವು ಓದಿದ್ದು ನಿಜ, ಆದ್ರೆ ನಿಮ್ಮ ಬಾವೀಲಿ ಬಂದಿದ್ದು ಶೇಡಿ ಮಣ್ಣು ಅಂತ ನನಗನಿಸತ್ತೆ. ನಮ್ಮ ಕಡೆ ಜಂಬಿಟ್ಟಿಗೆ ಕೆಳಗೆ ಇದು ಸಿಗೋದು ಮಾಮೂಲಿ. ಮೇಲಿಂದ ಮಳೆ ನೀರು ಇಳೀತಾ ಇಳೀತಾ ಕಲ್ಲನ್ನ ಲಕ್ಷಾಂತರ ವರ್ಷ ಕೊಳೆಸಿ, ಕಬ್ಬಿಣ ಎಲ್ಲಾ ಮೇಲೆ ಜಂಬಿಟ್ಟಿಗೆಯಾಗಿ ನಿಂತು, ಕೆಳಗೆ ಉಳಿಯೋ ಬಿಳಿ ಜೇಡಿಯೇ ಶೇಡಿ. ಮನೇಲೇ ಪರೀಕ್ಷೆ ಮಾಡಿ ನೋಡಿ. ಒಂಚೂರು ಒದ್ದೆ ಮಾಡಿ ಎರಡು ಬೆರಳ ಮಧ್ಯ ಉಜ್ಜಿ, ಶೇಡಿ ಆದ್ರೆ ಬೆಣ್ಣೆ ಥರ ಜಾರತ್ತೆ, ಉಂಡೆ ಕಟ್ಟತ್ತೆ, ಒಣಗಿದ ಹೆಂಟೆ ನಾಲಿಗೆಗೆ ಮುಟ್ಟಿಸಿದ್ರೆ ಪಟ್ಟಂತ ಅಂಟ್ಕೊಳತ್ತೆ. ಜ್ವಾಲಾಮುಖಿ ಬೂದಿ ಹಂಗಲ್ಲ, ಎಷ್ಟೇ ನುಣ್ಣಗಿದ್ರೂ ಬೆರಳಿಗೆ ಚುರುಚುರು ಅಂತ ಹತ್ತತ್ತೆ.

ಬೂದಿ ಅನ್ನೋ ಹೆಸರೇ ಇಲ್ಲಿ ದಾರಿ ತಪ್ಪಿಸತ್ತೆ ನೋಡಿ. ಒಲೆ ಬೂದಿ ಅಂದ್ರೆ ಸೌದೆ ಸುಟ್ಟು ಉಳಿದಿದ್ದು. ಜ್ವಾಲಾಮುಖೀಲಿ ಏನೂ ಸುಟ್ಟಿರಲ್ಲ, ಕರಗಿದ ಕಲ್ಲಿನ ಒಳಗಿರೋ ಗ್ಯಾಸು ಸೋಡಾ ಬಾಟ್ಲಿ ಮುಚ್ಚಳ ತೆಗೆದಂಗೆ ಉಕ್ಕಿ, ಆ ನೊರೆ ಗಾಳೀಲೇ ತಣ್ಣಗಾಗಿ ಗಾಜಾಗಿ, ಪುಡಿಪುಡಿ ಆಗಿ ಬೀಳತ್ತೆ. ಒಂದು ಚಿಟಿಕೆ ಬೂದೀನ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದ್ರೆ ಒಡೆದ ಬಲ್ಬಿನ ಚೂರುಗಳ ಹಾಗೆ ಬಾಗಿರೋ, ಅಂಚು ಚೂಪಾಗಿರೋ, ಬೆಳಕು ಆರಪಾರ ಹೋಗೋ ಚೂರುಗಳು ಕಾಣತ್ವೆ, ಕೆಲವು ಮೂರು ಗುಳ್ಳೆ ಸೇರಿದ ಜಾಗದಲ್ಲಿ ಮುರಿದು ಕವೆಗೋಲಿನ ಆಕಾರದಲ್ಲಿ ಇರತ್ವೆ. ಒಮ್ಮೆ ನೋಡಿದವ್ರು ಜೇಡಿಮಣ್ಣು ಅಂತ ಮತ್ತೆ ತಪ್ಪು ತಿಳ್ಕೊಳಲ್ಲ.

ಇನ್ನು ನೀವು ಓದಿದ್ದು ಸುಮಾತ್ರಾದ ಟೋಬಾ ಸ್ಫೋಟದ ಬಗ್ಗೆ ಇರಬೇಕು, ಸುಮಾರು 74,000 ವರ್ಷದ ಹಿಂದಿಂದು. ಅದರ ಬೂದಿ ಮಧ್ಯಪ್ರದೇಶದ ಸೋನ್ ನದಿ ಕಣಿವೇಲಿ, ನಮ್ಮ ಪಕ್ಕದ ಆಂಧ್ರದ ಕರ್ನೂಲು ಕಡೆ ಜ್ವಾಲಾಪುರಂನಲ್ಲಿ ಸಿಕ್ಕಿದೆ. ಅರಬ್ಬೀ ಸಮುದ್ರದ ತಳದ ಕೆಸರಲ್ಲೂ ಸಿಕ್ಕಿದೆ, ಅಂದ್ರೆ ಘಟ್ಟ ದಾಟಿಯೇ ಹೋಗಿರಬೇಕು, ಮಲೆನಾಡಿನ ಮೇಲೂ ಬಿದ್ದೇ ಇರಬೇಕು. ಆದ್ರೆ ಬೀಳೋದು ಬೇರೆ, ಉಳಿಯೋದು ಬೇರೆ. ಜ್ವಾಲಾಪುರಂನಲ್ಲಿ ನೀರು ನಿಂತ ತಗ್ಗಿಗೆ ಸುತ್ತಲಿನ ಬೂದಿ ಎಲ್ಲಾ ಕೊಚ್ಚಿ ಬಂದು ಮೀಟರ್‌ಗಟ್ಟಲೆ ದಪ್ಪ ಕೂತಿದೆ. ನಮ್ಮಲ್ಲಿ ಇಳಿಜಾರು, ಮೇಲೆ ಈ ಮಳೆ. ಗಾಜು ಬಿಸಿ ಮತ್ತೆ ಒದ್ದೆ ಇರೋ ಜಾಗದಲ್ಲಿ ಬೇಗ ಕೊಳೆತು ಜೇಡಿ ಆಗ್ಬಿಡತ್ತೆ.

ಆದ್ರೂ ನಿಮ್ಮ ಮಣ್ಣನ್ನ ಎಸೀಬೇಡಿ. ಮೇಲೆ ಗುಡ್ಡೆ ಹಾಕಿದ್ದು ಬೇಡ, ಬಾವಿ ಗೋಡೆಯಿಂದಲೇ ಒಂದು ಮುಷ್ಟಿ ಕೆತ್ತಿ, ಅದರ ಮೇಲಿನ ಪದರದ್ದು, ಕೆಳಗಿನದ್ದು ಬೇರೆ ಬೇರೆ ಕವರಿಗೆ ಹಾಕಿ ಎಷ್ಟು ಅಡೀಲಿ ಅಂತ ಬರೆದಿಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದವ್ರು ಇದಾರೆ, ತೋರಿಸಿ.

ಪ್ರಶ್ನೆ: ಅಷ್ಟು ಹಳೇ ಬೂದಿಗೆ ವಯಸ್ಸು ಹೇಗೆ ಕಟ್ತಾರೆ? ಕಾರ್ಬನ್ ಡೇಟಿಂಗಾ? – ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಬೂದೀಲಿ ಡೇಟ್ ಮಾಡೋಕೆ ಬೇಕಾದ ಕಾರ್ಬನ್ನೇ ಇರಲ್ಲ ಪುಟ್ಟಿ, ಅದು ಗಾಜು. ಬೂದಿ ಬಿದ್ದಾಗ ಸತ್ತ ಮರ, ಅದರಡಿ ಸಿಕ್ಕ ಇದ್ದಿಲು ಇವಕ್ಕೆ ಕಾರ್ಬನ್ ಲೆಕ್ಕ ಹಾಕ್ತಾರೆ, ಅದೂ ಹೆಚ್ಚಂದ್ರೆ 50,000 ವರ್ಷದವರೆಗೆ, ಆಮೇಲೆ ಅಳೆಯೋಕೆ ಏನೂ ಉಳಿದಿರಲ್ಲ. ಟೋಬಾ ಅಷ್ಟು ಹಳೇದಕ್ಕೆ ಆರ್ಗಾನ್ ವಿಧಾನ. ಬೂದಿ ಜೊತೆ ಸಣ್ಣ ಸಣ್ಣ ಹರಳು ಬಂದಿರತ್ತೆ, ಅದರಲ್ಲಿ ಪೊಟ್ಯಾಸಿಯಂ ಇರತ್ತೆ, ಅದರ ಒಂದು ಪಾಲು ತುಂಬಾ ನಿಧಾನಕ್ಕೆ ಆರ್ಗಾನ್ ಗ್ಯಾಸ್ ಆಗ್ತಾ ಹೋಗತ್ತೆ. ಕಲ್ಲು ಕರಗಿ ಕುದೀತಿದ್ದಾಗ ಹಳೇ ಆರ್ಗಾನ್ ಹಾರಿಹೋಗಿರತ್ತೆ, ತಣ್ಣಗಾದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಹಾಕ್ಕೊಂಡಿರತ್ತೆ, ಅದನ್ನ ಅಳೆದ್ರೆ ಸ್ಫೋಟ ಆಗಿ ಎಷ್ಟು ಕಾಲ ಆಯ್ತು ಅಂತ ಗೊತ್ತಾಗತ್ತೆ.

ನನಗೆ ಬಹಳ ಇಷ್ಟದ ಲೆಕ್ಕ ಚೀನಾ ಮತ್ತು ಉತ್ತರ ಕೊರಿಯಾ ಗಡಿಯ ಚಾಂಗ್‌ಬೈಶಾನ್ ಪರ್ವತದ್ದು. ಅಲ್ಲಿ ಬೂದೀಲಿ ಹೂತು ಸತ್ತ ಒಂದು ಮರ ಸಿಕ್ತು. ಸಾಮಿಲ್ಲಲ್ಲಿ ಸಾಗುವಾನಿ ದಿಮ್ಮಿ ಕೊಯ್ದ ಮುಖ ನೋಡಿರ್ತೀಯಲ್ಲ, ವರ್ಷಕ್ಕೊಂದು ಉಂಗುರ. ಕ್ರಿ.ಶ. 774-75ರ ಹೊತ್ತಿಗೆ ಅಂತರಿಕ್ಷದಿಂದ ಬಂದ ಕಣಗಳ ಹೊಡೆತಕ್ಕೆ ಪ್ರಪಂಚದ ಮರಗಳಲ್ಲೆಲ್ಲಾ ವಿಕಿರಣ ಕಾರ್ಬನ್ ಧಿಡೀರ್ ಅಂತ ಏರಿತ್ತು, ಈ ಮರದಲ್ಲೂ ಆ ಉಂಗುರ ಸಿಕ್ತು, ಅಲ್ಲಿಂದ ತೊಗಟೆವರೆಗೆ ಎಣಿಸಿದ್ರೆ 172, ಸ್ಫೋಟ ಆಗಿದ್ದು ಕ್ರಿ.ಶ. 946. ಸಾವಿರ ವರ್ಷದ ಹಿಂದಿನ ಘಟನೆಗೆ ಇಂಥದ್ದೇ ವರ್ಷ ಅಂತ ಬೆರಳಿಟ್ಟು ತೋರಿಸಿಬಿಟ್ರು.

ಪ್ರಶ್ನೆ: ಬೂದಿ ಸಿಕ್ಕಿದ ಮಾತ್ರಕ್ಕೆ ಅದು ಇಂಥದ್ದೇ ಜ್ವಾಲಾಮುಖೀದು ಅಂತ ಹೇಗೆ ಹೇಳ್ತಾರೆ? – ಓದುಗರು, ತೀರ್ಥಹಳ್ಳಿ

ಉತ್ತರ: ನನ್ನ ಪ್ರಕಾರ ಇಡೀ ವಿಷಯದ ಜೀವಾಳ ಇದೇ. ವಯಸ್ಸು ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಗುರುತು ಸಿಕ್ರೆ ಸಾಕು. ಮಂಡೀಲಿ ಅನುಭವ ಇರೋರು ಒಂದು ಬೊಗಸೆ ರಾಶಿ ಅಡಿಕೆ ಎತ್ತಿ ಬಣ್ಣ, ಚೊಗರು ನೋಡಿ ಇದು ಯಾವ ಸೀಮೆ ಮಾಲು ಅಂತ ಹೇಳ್ತಾರಲ್ಲ, ಹಂಗೆ ಒಂದೊಂದು ಜ್ವಾಲಾಮುಖಿಯ ಗಾಜಿಗೂ ಅದರದ್ದೇ ಪಾಕ ಇರತ್ತೆ. ಸಿಲಿಕಾ ಇಷ್ಟು, ಪೊಟ್ಯಾಸಿಯಂ ಇಷ್ಟು, ಕಬ್ಬಿಣ ಇಷ್ಟು ಅಂತ ಒಂದೊಂದೇ ಚೂರಿಗೆ ಎಲೆಕ್ಟ್ರಾನ್ ಕಿರಣ ಹೊಡೆದು ಅಳೀತಾರೆ. ಎರಡು ಊರಿನ ಬೂದಿ ತಾಳೆ ಆಯ್ತು ಅಂದ್ರೆ ಆ ಎರಡು ಊರಿನ ಮಣ್ಣಲ್ಲೂ ಅದೇ ವಾರದ ಗೆರೆ ಸಿಕ್ಕಂಗೆ, ಒಂದು ಕಡೆ ವಯಸ್ಸು ಗೊತ್ತಾದ್ರೆ ಎಲ್ಲಾ ಕಡೆಗೂ ಗೊತ್ತಾಯ್ತು. ಐಸ್‌ಲ್ಯಾಂಡಿನ ಸಿಗುರ್ದುರ್ ಥೋರಾರಿನ್ಸನ್ ಇದಕ್ಕೆ 1944ರಲ್ಲಿ ಟೆಫ್ರೋಕ್ರೊನಾಲಜಿ ಅಂತ ಹೆಸರಿಟ್ರು, ಟೆಫ್ರಾ ಅಂದ್ರೆ ಗ್ರೀಕ್‌ನಲ್ಲಿ ಬೂದಿ.

ಪದರ ಕಣ್ಣಿಗೆ ಕಾಣಲೇಬೇಕು ಅಂತಲೂ ಇಲ್ಲ. ಕೆರೆ ಹೂಳಲ್ಲಿ ಕೂದಲೆಳೆಗಿಂತ ಸಣ್ಣ ಗಾಜಿನ ಚೂರು ಹತ್ತಿಪ್ಪತ್ತು ಇದ್ರೂ, ಭಾರದ ದ್ರವದಲ್ಲಿ ತೇಲಿಸಿ ಬೇರೆ ಮಾಡ್ತಾರೆ, ಭತ್ತ ತೂರಿ ಜೊಳ್ಳು ಬೇರೆ ಮಾಡಿದ ಹಾಗೆ. ಟೋಬಾ ಚೂರುಗಳು ಆಫ್ರಿಕಾದ ಮಲಾವಿ ಸರೋವರದ ತಳದಲ್ಲಿ ಸಿಕ್ಕಿದ್ದು ಹೀಗೇ, ಸುಮಾತ್ರಾದಿಂದ ಏಳು ಸಾವಿರ ಕಿಲೋಮೀಟರಿಗೂ ದೂರ.

ಗುರುತು ಎಷ್ಟು ಮುಖ್ಯ ಅನ್ನೋಕೆ ಮಹಾರಾಷ್ಟ್ರದ ಬೋರಿ ನೋಡಿ. ಅಲ್ಲಿನ ಬೂದಿ ಲಕ್ಷಾಂತರ ವರ್ಷ ಹಳೇದು ಅಂತ ಕೆಲವರ ಲೆಕ್ಕ, ಗಾಜಿನ ಪಾಕ ನೋಡಿದವ್ರು ಇದು 74,000 ವರ್ಷದ ಟೋಬಾನೇ ಅಂದ್ರು, ವರ್ಷಗಟ್ಟಲೆ ವಾದ ನಡೀತು. ಬೂದಿ ಜೊತೆ ಅಲ್ಲಿನ ಹಳೇ ಮಣ್ಣಿನ ಹರಳು ನಾಲ್ಕು ಬೆರೆತ್ರೂ ಆರ್ಗಾನ್ ಲೆಕ್ಕ ಹಾಳಾಗತ್ತೆ. ವಾದ ಯಾಕೆ ಇಷ್ಟು ಜೋರು ಅಂದ್ರೆ ಅಲ್ಲಿ ಮನುಷ್ಯರ ಕಲ್ಲಿನ ಆಯುಧಗಳೂ ಇದಾವೆ, ಬೂದಿ ವಯಸ್ಸು ಬದಲಾದ್ರೆ ಅವರ ವಯಸ್ಸೂ ಬದಲಾಗತ್ತೆ. ಜ್ವಾಲಾಪುರಂನಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತೆ ಮೈಕೆಲ್ ಪೆಟ್ರಾಗ್ಲಿಯಾ ತಂಡ ಅಗೆದಾಗ ಬೂದಿ ಕೆಳಗೂ ಆಯುಧ, ಮೇಲೂ ಹೆಚ್ಚುಕಮ್ಮಿ ಅದೇ ಥರದ ಆಯುಧ. 2007ರಲ್ಲಿ ಅದು ಪ್ರಕಟ ಆಯ್ತು. ಆಕಾಶದಿಂದ ಗಾಜಿನ ಪುಡಿ ಸುರಿದ ಮೇಲೂ ಆ ಕಣಿವೇಲಿ ಜನ ಮತ್ತೆ ಕೂತು ಕಲ್ಲು ಕೆತ್ತಿದಾರೆ ಅಂತ ಓದಿದ ದಿನ ನನಗೆ ಬೇರೆ ಕೆಲಸ ಮಾಡೋಕೆ ಆಗ್ಲಿಲ್ಲ.

ಇನ್ನೊಂದು ಹೇಳ್ಲೇಬೇಕು. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ ಎರಡೂ ಕಡೆ ಹಿಮದೊಳಗೆ 1250ರ ದಶಕದ ಒಂದು ದೊಡ್ಡ ಸ್ಫೋಟದ ಗಂಧಕದ ಗುರುತು ಇತ್ತು, ಯಾವ ಬೆಟ್ಟದ್ದು ಅಂತ ದಶಕಗಟ್ಟಲೆ ಗೊತ್ತಿರ್ಲಿಲ್ಲ. 2013ರಲ್ಲಿ ಇಂಡೋನೇಷ್ಯಾದ ಲೊಂಬೋಕ್ ದ್ವೀಪದ ಸಮಲಾಸ್ ಅಂತ ಕಂಡುಹಿಡಿದ್ರು. ಬೂದಿ, ಇದ್ದಿಲು ಎಲ್ಲಾ ಹೊಂದಿದ್ದಲ್ಲದೆ, ಬೆಟ್ಟ ಕುಸಿದು ಊರು ಮುಚ್ಚಿಹೋದ ಕಥೆ ಅಲ್ಲಿನ ತಾಳೆಗರಿ ಗ್ರಂಥದಲ್ಲೇ ಇತ್ತು.

ಪ್ರಶ್ನೆ: ಜೋಗದ ಬಂಡೆ ಲಾವಾದಿಂದ ಆಗಿದ್ದಾ? ನಮ್ಮಲ್ಲಿ ಜ್ವಾಲಾಮುಖಿ ಇತ್ತಾ? – ಓದುಗರು, ಸಾಗರ

ಉತ್ತರ: ಜೋಗದ್ದು ನೈಸ್ ಅನ್ನೋ ಕಲ್ಲು, ಗ್ರಾನೈಟ್ ಜಾತಿ, ಲಾವಾ ಅಲ್ಲ. ಆದ್ರೆ ಜ್ವಾಲಾಮುಖಿ ಇತ್ತು. ಚಿತ್ರದುರ್ಗದ ಮರಡಿಹಳ್ಳೀಲಿ ಸಮುದ್ರದಡಿ ಉಕ್ಕಿ ದಿಂಬಿನ ಆಕಾರಕ್ಕೆ ಗಟ್ಟಿಯಾದ ಲಾವಾ ಇದೆ, ನೋಡಿ ಬನ್ನಿ. ಇನ್ನೂ ಹತ್ರ ಬೇಕಂದ್ರೆ ಚನ್ನಗಿರಿ ಕಡೆಯ ದಾಗಿನಕಟ್ಟೆ, ಅಲ್ಲಿನ ಜ್ವಾಲಾಮುಖಿ ಕಲ್ಲಲ್ಲಿ ಜಿರ್ಕಾನ್ ಅನ್ನೋ ಹರಳು ಸಿಕ್ತು, ಅದರೊಳಗೆ ಯುರೇನಿಯಂ ಎಷ್ಟು ಸೀಸ ಆಗಿದೆ ಅಂತ ಅಳೆದಾಗ ಬಂದ ವಯಸ್ಸು ಸುಮಾರು 260 ಕೋಟಿ ವರ್ಷ.