ಮಾವಿನ ಬಂದಳಿಕೆ ಮತ್ತು ಅದರ ಹಕ್ಕಿಗಳು

ಪ್ರಶ್ನೆ: ನಮ್ಮ ಹಳೆಯ ಮಾವಿನ ಮರಗಳಲ್ಲಿ ಬಂದಳಿಕೆ ವಿಪರೀತವಾಗಿದೆ. ಅದರ ಕಿತ್ತಳೆ ಬಣ್ಣದ ಹೂವಿಗೆ ಪುಟ್ಟ ಹಕ್ಕಿಗಳು ದಿನವಿಡೀ ಮುತ್ತುತ್ತವೆ. ಅವುಗಳನ್ನು ಓಡಿಸಿದರೆ ಬಂದಳಿಕೆ ಕಡಿಮೆಯಾದೀತೇ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಓಡಿಸಲು ಹೊರಟರೆ ದಣಿಯುವವರು ನೀವೇ. ಬಂದಳಿಕೆ ಹಸಿರೆಲೆಗಳುಳ್ಳ ಅರೆಪರಾವಲಂಬಿ. ಆಹಾರವನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಂಡರೂ, ನೀರು ಮತ್ತು ಲವಣಗಳಿಗಾಗಿ ಕೊಂಬೆಯೊಳಗೆ ಹೀರುಬೇರು ಇಳಿಸುತ್ತದೆ. ಆದ್ದರಿಂದಲೇ ಅದು ಅಂಟಿಕೊಂಡ ಜಾಗದಿಂದ ಆಚೆಗಿನ ಕೊಂಬೆ ಸೊರಗಿ ಒಣಗುತ್ತದೆ.

ಮಾವಿಗೆ ಏನನ್ನೂ ಕೊಡದ ಈ ಗಿಡ ಹಕ್ಕಿಗಳಿಗೆ ಮಾತ್ರ ಕೈಬಿಚ್ಚಿ ಕೊಡುತ್ತದೆ. ಬಲಿತ ಮೊಗ್ಗನ್ನು ಸೂರಕ್ಕಿ ಕೊಕ್ಕಿನಿಂದ ಒತ್ತಿದಾಗ ಅದು ತಟ್ಟನೆ ಬಿರಿದು ಪರಾಗವನ್ನು ಹಕ್ಕಿಯ ತಲೆಗೆ ಎರಚುತ್ತದೆ, ಮಕರಂದ ಹೀರಿದ ಹಕ್ಕಿ ಆ ಪರಾಗವನ್ನು ಮುಂದಿನ ಹೂವಿಗೆ ಒಯ್ಯುತ್ತದೆ. ಹಣ್ಣು ತಿನ್ನುವುದು ಮುಖ್ಯವಾಗಿ ಅದಕ್ಕಿಂತಲೂ ಚಿಕ್ಕದಾದ ಬದನಿಕೆ ಹಕ್ಕಿ. ನುಂಗಿದ ಹಣ್ಣಿನ ಬೀಜ ಕೆಲವೇ ನಿಮಿಷಗಳಲ್ಲಿ ಅಂಟಿನ ಸಮೇತ ಹೊರಬೀಳುತ್ತದೆ. ಅದು ಸುಲಭವಾಗಿ ಕಳಚದ ಕಾರಣ ಹಕ್ಕಿ ತನ್ನ ಹಿಂಭಾಗವನ್ನು ಕೊಂಬೆಗೆ ಉಜ್ಜುತ್ತದೆ, ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ. ಹಕ್ಕಿ ದೂರ ಹೋಗುವ ಮೊದಲೇ ಇದೆಲ್ಲ ಮುಗಿಯುವುದರಿಂದ ಒಂದೇ ಮರದಲ್ಲಿ ಬಂದಳಿಕೆ ಗುಂಪುಗುಂಪಾಗಿ ಬೆಳೆಯುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರು ಕೊಂಕಣದಲ್ಲಿ ಈ ಎರಡು ಬಗೆಯ ಹಕ್ಕಿಗಳ ಪಾತ್ರವನ್ನು ಗಮನಿಸಿ 1931ರಲ್ಲೇ ಬರೆದಿದ್ದರು.

ಹಣ್ಣಾಗುವ ಮೊದಲೇ ಬಂದಳಿಕೆಯನ್ನು ತೆಗೆಯಿರಿ. ಗಿಡವನ್ನಷ್ಟೇ ಕಿತ್ತರೆ ಒಳಗುಳಿದ ಬೇರು ಮತ್ತೆ ಚಿಗುರುತ್ತದೆ. ತೊಗಟೆಯ ಮೇಲೆ ಹರಿದ ಬೇರು ಎಲ್ಲಿಯವರೆಗೆ ಬಂದಿದೆಯೆಂದು ನೋಡಿ, ಅದಕ್ಕಿಂತ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಹಕ್ಕಿಗಳು ಹಸಿದಾವೆಂಬ ಚಿಂತೆ ಬೇಡ, ಬದನಿಕೆ ಹಕ್ಕಿಗೆ ಗಸಗಸೆ ಹಣ್ಣಿನ ಮರವೂ ಅಚ್ಚುಮೆಚ್ಚು.

ಪ್ರಶ್ನೆ: ಶ್ರೀಗಂಧವೂ ಪರಾವಲಂಬಿಯೆಂಬುದು ನಿಜವೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಜ. ಅದೂ ಅರೆಪರಾವಲಂಬಿಯೇ, ಆದರೆ ಹೀರುಬೇರನ್ನು ನೆಲದಡಿಯಲ್ಲಿ ನೆರೆಯ ಗಿಡಗಳ ಬೇರಿಗೆ ತಗುಲಿಸುತ್ತದೆ. ಹೀಗಾಗಿ ನರ್ಸರಿಯಲ್ಲಿ ಗಂಧದ ಸಸಿಯ ಪಕ್ಕ ತೊಗರಿಯನ್ನೂ, ನೆಟ್ಟ ಮೇಲೆ ಹೊಂಗೆ, ಸರ್ವೆಯಂತಹ ದೀರ್ಘಕಾಲದ ಆಸರೆ ಗಿಡಗಳನ್ನೂ ಬೆಳೆಸುತ್ತಾರೆ. ಇದರ ಸಣ್ಣ ಹೂವುಗಳ ಪರಾಗಸ್ಪರ್ಶ ಕೀಟಗಳಿಂದ, ಬೀಜಪ್ರಸಾರ ಹಣ್ಣು ತಿನ್ನುವ ಹಕ್ಕಿಗಳಿಂದ.