ಅಟ್ಟದಲ್ಲಿ ಸಿಕ್ಕ ತಾತನ ರೈಫಲ್ ಯಾವುದು?

ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ರೈಫಲ್ ಸಿಕ್ಕಿದೆ, ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದರು, ಇದು ಅಲ್ಲಿಂದ ತಂದದ್ದೇನಾ ಅಂತ ಕೇಳಿದ್ದೀರಿ. ಬೋಲ್ಟ್ ಹಿಡಿಯ ಕೆಳಗೆ ಕಿರೀಟ, ‘ಜಿಆರ್‌ಐ’, ‘ಇಷಾಪುರ್’, 1942 ಅಂತ ಕೊರೆದಿದೆ ಅಂದಿದ್ದೀರಿ.

ಇದು ಲೀ-ಎನ್‌ಫೀಲ್ಡ್. ನಮ್ಮ ಕಡೆ ಎಲ್ಲರೂ ತ್ರೀ ನಾಟ್ ತ್ರೀ ಅನ್ನೋದು ಇದಕ್ಕೇ. ಕಲ್ಕತ್ತಾ ಹತ್ತಿರದ ಇಷಾಪುರ್ ಕಾರ್ಖಾನೆಯಲ್ಲಿ ಆಗಿದ್ದು. ‘ಜಿಆರ್‌ಐ’ ಅಂದರೆ ಆಗಿನ ದೊರೆ ಜಾರ್ಜ್ ಹೆಸರಿನ ಗುರುತು. ಇಂಗ್ಲೆಂಡಿನಲ್ಲಿ ಮಾಡಿದವುಗಳ ಮೇಲೆ ಬರೀ ‘ಜಿಆರ್’ ಇರುತ್ತದೆ. ಮ್ಯಾಗಜಿನ್‌ಗೆ 10 ತೋಟಾ, ಖಾಲಿ ಇದ್ದಾಗಲೇ ಸುಮಾರು 4 ಕೆಜಿ ತೂಕ.

ಬರ್ಮಾದಿಂದ ಬಂದದ್ದೇ ಅನ್ನೋದನ್ನು ಮಾತ್ರ ಈ ಗುರುತುಗಳು ಹೇಳೋದಿಲ್ಲ. ಸೈನ್ಯದ ರೈಫಲ್ ಕೋತ್‌ಗೆ, ಅಂದರೆ ಪಡೆಯ ಆಯುಧ ಕೋಣೆಗೆ, ವಾಪಸ್ ಹೋಗಬೇಕಿತ್ತು, ಬಿಡುಗಡೆಯಾದ ಸಿಪಾಯಿ ಅದನ್ನು ಮನೆಗೆ ತರುವ ಹಾಗಿರಲಿಲ್ಲ. ನಮ್ಮ ಕೊಡಗಿನ ಮನೆಯಲ್ಲೂ ‘ತಾತನ ಬರ್ಮಾ ಕೋವಿ’ ಅಂತ ಒಂದಿತ್ತು. ಪ್ರತಿ ಕೈಲ್ ಪೋದ್‌ಗೆ, ಅಂದರೆ ನಮ್ಮ ಆಯುಧ ಪೂಜೆ ಹಬ್ಬಕ್ಕೆ, ಅದರ ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುತ್ತಿದ್ದೆವು. ಒಂದು ವರ್ಷ ಎಣ್ಣೆಬಟ್ಟೆಯಿಂದ ಉಜ್ಜುತ್ತಾ ಹೋದಾಗ ಕಪ್ಪು ಜಿಡ್ಡಿನಡಿ ಕಿರೀಟದ ಬದಲು ಅಶೋಕನ ಸಿಂಹ ಕಾಣಿಸಿತು. ಪಕ್ಕದಲ್ಲಿ .315 ಅಂತ ಬೋರ್, ಅಂದರೆ ನಳಿಗೆಯ ಒಳ ಅಳತೆ. ಅಂದರೆ ಸ್ವಾತಂತ್ರ್ಯ ಬಂದಮೇಲೆ ಇಷಾಪುರದಲ್ಲೇ ಸಾರ್ವಜನಿಕರಿಗೆ ಅಂತ ಮಾಡಿದ್ದು. ನಮಗೆಲ್ಲ ಬೇಜಾರಾಯ್ತು. ತಾತ ಬರ್ಮಾಕ್ಕೆ ಹೋಗಿದ್ದು ಮಾತ್ರ ನಿಜ, ಅದು ಅವರ ಡಿಸ್ಚಾರ್ಜ್ ಪುಸ್ತಕದಲ್ಲಿತ್ತು. ನಿಮ್ಮಲ್ಲೂ ಅದನ್ನು ಹುಡುಕಿ. ಹಾಗೇ ಹಳೇ ಲೈಸೆನ್ಸ್ ಇದೆಯಾ ನೋಡಿ, ಕೋವಿ ಯಾವಾಗ ಮನೆಗೆ ಬಂತು ಅನ್ನೋದು ಅದರಿಂದ ಗೊತ್ತಾಗಬಹುದು.

ಇನ್ನೊಂದು ವಿಷಯ. ಇಂಥ ಹಳೇ ರೈಫಲ್‌ಗಳನ್ನು ಆಮೇಲೆ ಪೊಲೀಸರಿಗೋಸ್ಕರ .410 ಮಸ್ಕೆಟ್ ಆಗಿ ಬದಲಾಯಿಸಿದ್ದೂ ಉಂಟು. ಅವುಗಳ ನಳಿಗೆಯೊಳಗೆ ಸುರುಳಿ ಗೀರು ಇರೋದಿಲ್ಲ. ನೀವಾಗಿ ಇಣುಕಿ ನೋಡೋಕೆ ಹೋಗಬೇಡಿ. ಒಳಗೆ ತೋಟಾ ಇರಬಹುದು. ಗೊತ್ತಿರುವವರು ಮ್ಯಾಗಜಿನ್ ತೆಗೆದು, ಬೋಲ್ಟ್ ಎಳೆದು ಖಾಲಿ ಮಾಡಿಕೊಡಲಿ.

ಕಾನೂನಿನ ವಿಷಯಕ್ಕೆ ತಡ ಮಾಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ತ್ರೀ ನಾಟ್ ತ್ರೀ ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸಿಗೆ ಸಿಗೋದಲ್ಲ. ಗುರುತುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮೊದಲು ಠಾಣೆಗೆ ತಿಳಿಸಿ, ಅವರು ಹೇಳಿದ ಹಾಗೆ ಅಲ್ಲಿ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಜಮಾ ಮಾಡಿ ರಸೀದಿ ತೆಗೆದುಕೊಳ್ಳಿ. ವಾರಸುದಾರರ ಅರ್ಜಿ ಆಮೇಲೆ ಹಾಕಬಹುದು.