ಯೂನಿಫಾರ್ಮ್ ಒಗೆದ ಖರ್ಚಿಗೆ ತೆರಿಗೆ ವಾಪಸ್ ಬರುತ್ತಾ?

ಸಂಡೂರಿನ ಕಡೆ ಒಂದು ಗಣಿ ಕಚೇರಿಯಲ್ಲಿ 26 ವರ್ಷ ಸಂಬಳದ ಪಟ್ಟಿ ಬರೆದವಳು ನಾನು. ಈಗ ಬಳ್ಳಾರಿಯ ಮನೆಯಲ್ಲಿ ಕೂತು ನಿಮ್ಮ ಪತ್ರ ಓದುತ್ತೇನೆ. ಜುಲೈ ಹತ್ತಿರ ಬಂತು ಅಂದರೆ ಪತ್ರಗಳೆಲ್ಲ ತೆರಿಗೆಯವೇ. ಈ ಸಲ ಹೆಚ್ಚಿನವರು ಕೇಳಿದ್ದು ಯೂನಿಫಾರ್ಮ್ ಬಗ್ಗೆ. ಉತ್ತರಗಳೆಲ್ಲ 2025-26ನೇ ಸಾಲಿನ ರಿಟರ್ನ್‌ಗೆ ಸಂಬಂಧಿಸಿದ್ದು.

ಅಕ್ಕಾ, ನಾನು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸಂಬಳ 28,000. ಯೂನಿಫಾರ್ಮ್ ನಾವೇ ಹೊಲಿಸಿಕೊಳ್ಳಬೇಕು. ಬಟ್ಟೆ, ಹೊಲಿಗೆ, ಶೂ ಸೇರಿ ವರ್ಷಕ್ಕೆ ಆರು ಸಾವಿರ ಆಗುತ್ತೆ. ನನ್ನ ಜೊತೆ ಓದಿದವಳು ಇಂಗ್ಲೆಂಡಿನಲ್ಲಿ ನರ್ಸ್. ಅವಳಿಗೆ ಯೂನಿಫಾರ್ಮ್ ಒಗೆಯೋದಕ್ಕೂ ತೆರಿಗೆ ವಾಪಸ್ ಬಂತಂತೆ, ನಾಲ್ಕು ವರ್ಷದ್ದು ಒಟ್ಟಿಗೆ. ನಮಗಿಲ್ವಾ? — ಬಳ್ಳಾರಿ

ಗೆಳತಿ ಹೇಳಿದ್ದು ನಿಜ, ತಂಗಿ. ಅಲ್ಲಿ ಯೂನಿಫಾರ್ಮನ್ನು ಸ್ವಂತ ಖರ್ಚಿನಲ್ಲಿ ಒಗೆಯುವ ನರ್ಸ್‌ಗೆ ವರ್ಷಕ್ಕೆ 125 ಪೌಂಡ್ ಅಂತ ಸರ್ಕಾರವೇ ಒಂದು ಮೊತ್ತ ಗೊತ್ತು ಮಾಡಿದೆ. ಹಾಗಂತ 125 ಪೌಂಡ್ ಕೈಗೆ ಬರೋದಿಲ್ಲ. ಅಷ್ಟು ಹಣದ ಮೇಲೆ ಕಟ್ಟಿದ ತೆರಿಗೆ ಮಾತ್ರ ವಾಪಸ್. 20 ಪರ್ಸೆಂಟ್ ಕಟ್ಟುವವಳಿಗೆ ಅದು 25 ಪೌಂಡ್. ಹಿಂದಿನ ನಾಲ್ಕು ವರ್ಷದ್ದನ್ನೂ ಕೇಳಬಹುದು.

ನಮ್ಮಲ್ಲಿ ಹಾಗಿಲ್ಲ. ಸಂಬಳದವರು ಜೇಬಿನಿಂದ ಹಾಕಿದ ಯೂನಿಫಾರ್ಮ್ ಖರ್ಚನ್ನು ಸೀದಾ ಆದಾಯದಲ್ಲಿ ಕಳೆಯೋಕೆ ಬರೋದಿಲ್ಲ. ಮಾಲೀಕರು ‘ಯೂನಿಫಾರ್ಮ್ ಭತ್ಯೆ’ ಅಂತ ಬೇರೆಯಾಗಿ ಕೊಟ್ಟಿದ್ದರೆ ಮಾತ್ರ ವಿನಾಯಿತಿಯ ಮಾತು. ನಿಮ್ಮ ಪೇ ಸ್ಲಿಪ್‌ನಲ್ಲಿ ಆ ಸಾಲೇ ಇಲ್ಲ.

ಇನ್ನೊಂದು ವಿಷಯ. ವಾಪಸ್ ಬರಬೇಕಾದರೆ ಮೊದಲು ಕಟ್ಟಿರಬೇಕು, ಅಲ್ವಾ? ನಿಮ್ಮ ವರ್ಷದ ಸಂಬಳ 3,36,000. ತೆರಿಗೆ ಲೆಕ್ಕಕ್ಕೆ ಹಳೆ ಪದ್ಧತಿ, ಹೊಸ ಪದ್ಧತಿ ಅಂತ ಎರಡು ದಾರಿ, ಒಂದನ್ನು ಆರಿಸಿಕೊಳ್ಳಬೇಕು. ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಸಂಬಳದವರಿಗೆಲ್ಲ ಬಿಲ್ ಕೇಳದೆ ಬಿಡುವ 75,000 ಕಳೆದರೆ 2,61,000. ನಾಲ್ಕು ಲಕ್ಷದವರೆಗೆ ತೆರಿಗೆಯೇ ಇಲ್ಲ. ‘ಇಲ್ಲ ಅಕ್ಕಾ, ತಿಂಗಳಾ 200 ಕಟ್ ಆಗುತ್ತೆ’ ಅಂತೀರಿ, ಗೊತ್ತು. ಅದು ಆದಾಯ ತೆರಿಗೆಯಲ್ಲ, ರಾಜ್ಯದ ವೃತ್ತಿ ತೆರಿಗೆ. ಸಂಬಳ 25,000 ಮುಟ್ಟಿದರೆ ಅದು ಹೋಗುತ್ತೆ, ರಿಟರ್ನ್ ಹಾಕಿದರೂ ತಿರುಗಿ ಬರೋದಿಲ್ಲ. ನಮ್ಮ ಕಚೇರಿಯ ಕೌಂಟರ್‌ನಲ್ಲಿ ಈ 200ರ ಜಗಳ ಬಿಡಿಸಿದ್ದಕ್ಕೆ ಲೆಕ್ಕವಿಲ್ಲ.

ನಾನಾಗಿದ್ದರೆ ಎಲ್ಲ ನರ್ಸ್‌ಗಳು ಸೇರಿ ಆಸ್ಪತ್ರೆಯವರನ್ನೇ ಕೇಳುತ್ತಿದ್ದೆ, ವರ್ಷಕ್ಕೆ ಎರಡು ಜೊತೆ ನೀವೇ ಹೊಲಿಸಿಕೊಡಿ ಅಂತ. ಹಾಗೆ ಕೊಟ್ಟರೆ ಬಟ್ಟೆ, ಹೊಲಿಗೆಯ ಖರ್ಚು ನಿಮಗೆ ಉಳಿಯುತ್ತೆ. ಅವರು ಅದನ್ನು ಆಸ್ಪತ್ರೆಯ ಖರ್ಚಿಗೆ ಬರೆದುಕೊಳ್ಳಬಹುದು.

ಅಕ್ಕಾ, ನಾನು ತೋರಣಗಲ್ಲು ಕಡೆ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ವರ್ಷಕ್ಕೆ ಒಂಬತ್ತು ಲಕ್ಷ. ಅದರಲ್ಲಿ ತಿಂಗಳಿಗೆ 1,500 ಯೂನಿಫಾರ್ಮ್ ಭತ್ಯೆ. ಸ್ವಂತ ಮನೆ, ಸಾಲ ಇಲ್ಲ. ಎಲ್‌ಐಸಿ, ಪಿಎಫ್ ಸೇರಿ ಒಂದೂವರೆ ಲಕ್ಷ ಉಳಿತಾಯ ಇದೆ. ಹಳೆ ಪದ್ಧತಿ ತಗೊಂಡು ಬಿಲ್ ತೋರಿಸು, ತೆರಿಗೆ ಉಳಿಯುತ್ತೆ ಅಂತ ಗೆಳೆಯ ಹೇಳಿದ. — ಸಂಡೂರು ತಾಲೂಕು

ಗೆಳೆಯನ ಮಾತು ಅರ್ಧ ಸರಿ ತಮ್ಮಾ. ಉಳಿದರ್ಧ ನಿಮಗೆ 50,000 ರೂಪಾಯಿ ನಷ್ಟ ಮಾಡುತ್ತೆ.

ಸರಿ ಇರೋದು ಇಷ್ಟು. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(14), ಅದರ ಜೊತೆಗಿನ ನಿಯಮ 2ಬಿಬಿ ಪ್ರಕಾರ ಕೆಲಸದ ವೇಳೆ ತೊಡುವ ಯೂನಿಫಾರ್ಮ್ ಕೊಳ್ಳೋದಕ್ಕೆ, ಒಗೆದು ಇಟ್ಟುಕೊಳ್ಳೋದಕ್ಕೆ ಕೊಟ್ಟ ಭತ್ಯೆಗೆ ವಿನಾಯಿತಿ ಇದೆ. ಆದರೆ ಖರ್ಚಾದಷ್ಟಕ್ಕೆ ಮಾತ್ರ. ವರ್ಷಕ್ಕೆ 18,000 ಬಂದು 11,000 ಖರ್ಚಾದರೆ, ಮಿಕ್ಕ 7,000 ಸಂಬಳದ ಲೆಕ್ಕಕ್ಕೇ ಸೇರುತ್ತೆ.

ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲವೇ ಇಲ್ಲ. ಈಗ ಲೆಕ್ಕ ನೋಡಿ. ಹಳೆ ಪದ್ಧತಿಯಲ್ಲಿ ಒಂಬತ್ತು ಲಕ್ಷದಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಯೂನಿಫಾರ್ಮ್ 18,000 ಪೂರ್ತಿ, ವೃತ್ತಿ ತೆರಿಗೆ 2,500, ಉಳಿತಾಯ 1,50,000 ಕಳೆಯೋಣ. ಉಳಿದದ್ದು 6,79,500. ಅದಕ್ಕೆ ತೆರಿಗೆ 48,400, ಸೆಸ್ ಸೇರಿದರೆ 50,336. ಹೊಸ ಪದ್ಧತಿಯಲ್ಲಿ 75,000 ಒಂದೇ ಕಳೆದು 8,25,000. ಹನ್ನೆರಡು ಲಕ್ಷದ ಒಳಗಿದೆ, ಹಾಗಾಗಿ ರಿಬೇಟ್, ಅಂದರೆ ಲೆಕ್ಕಕ್ಕೆ ಬಂದ ತೆರಿಗೆಯನ್ನೇ ಬಿಟ್ಟುಬಿಡುವ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ. ಯೂನಿಫಾರ್ಮ್ ಬಿಲ್ ಹುಡುಕುತ್ತಾ ಕೂರಬೇಡಿ.

ಸಂಬಳ 12,75,000 ದಾಟಿ, ಮನೆ ಸಾಲದ ಬಡ್ಡಿ, ಮನೆ ಬಾಡಿಗೆ ಎಲ್ಲ ದೊಡ್ಡದಾಗಿ ಇರುವವರು ಎರಡೂ ಕಡೆ ಲೆಕ್ಕ ಹಾಕಿ ನೋಡಬಹುದು. ಹಳೆ ಪದ್ಧತಿ ಬೇಕಾದರೆ ಜುಲೈ 31ರೊಳಗೆ ರಿಟರ್ನ್ ಹಾಕಬೇಕು, ತಡವಾದರೆ ಆ ದಾರಿ ಮುಚ್ಚಿತು. ಅಂಥವರು ಬಿಲ್ ಇಟ್ಟುಕೊಳ್ಳಿ. ನಮ್ಮ ಗಣಿಯ ಲಾರಿ ಡ್ರೈವರ್‌ಗಳ ಖಾಕಿ ಒಂದೇ ದಿನಕ್ಕೆ ಕೆಂಪು ಧೂಳಲ್ಲಿ ಅದ್ದಿ ತೆಗೆದ ಹಾಗೆ ಆಗುತ್ತಿತ್ತು. ಒಗೆಸಿದ್ದಕ್ಕೆ ಚೀಟಿ ತನ್ನಿ ಅಂದರೆ ಬೀಡಿ ಕಟ್ಟಿನ ಕಾಗದದ ಹಿಂದೆ ‘40 ರೂ.’ ಅಂತ ಬರೆಸಿಕೊಂಡು ಬರೋರು. ತಾರೀಖಿಲ್ಲ, ಸಹಿಯಿಲ್ಲ. ಕೊನೆಗೆ ನಾನೇ ಎಲ್ಲರಿಗೂ ಒಂದೊಂದು ಪುಟ್ಟ ನೋಟ್‌ಬುಕ್ ಕೊಡಿಸಿದೆ. ಇಸ್ತ್ರಿ ಅಂಗಡಿಯವನು ತಾರೀಖು, ಜೊತೆ ಎಷ್ಟು, ಹಣ ಎಷ್ಟು ಬರೆದು ಸಹಿ ಹಾಕಿದರೆ ಆಯಿತು. ನನ್ನ ಮೇಲಿನ ಅಧಿಕಾರಿ ಅದನ್ನು ನೋಡಿ ನಕ್ಕಿದ್ದರು. ಆ ವರ್ಷ ಅವರ ಸ್ವಂತ ಬಿಲ್ಲೇ ಕಳೆದುಹೋಗಿ, ಭತ್ಯೆಗೆ ಪೂರ್ತಿ ತೆರಿಗೆ ಕಟ್ ಆಯಿತು!

ಅಕ್ಕಾ, ನಮ್ಮೂರಿಗೆ ಬರೋ ಒಬ್ಬರು ಯೂನಿಫಾರ್ಮ್, ದೇಣಿಗೆ ಅಂತೆಲ್ಲ ತೋರಿಸಿ ಮೂರು ವರ್ಷದ ರಿಫಂಡ್ ತರಿಸಿಕೊಡ್ತೀನಿ, ಬಂದಿದ್ದರಲ್ಲಿ 20 ಪರ್ಸೆಂಟ್ ಕೊಡಿ ಅಂತಾರೆ. — ಗಂಗಾವತಿ

ಬೇಡ. ಹಿಂದಿನ ವರ್ಷಗಳ ರಿಟರ್ನ್ ತಿದ್ದೋಕೆ 48 ತಿಂಗಳವರೆಗೆ ಅವಕಾಶ ಇದೆ, ಆದರೆ ಅದು ಬಿಟ್ಟುಹೋದ ಆದಾಯ ತೋರಿಸಿ ಹೆಚ್ಚು ತೆರಿಗೆ ಕಟ್ಟೋದಕ್ಕೆ. ರಿಫಂಡ್ ತರಿಸಿಕೊಳ್ಳೋದಕ್ಕಲ್ಲ. ಸುಳ್ಳು ತೋರಿಸಿದ್ದು ಸಿಕ್ಕಿದರೆ, ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ. ಅದರಲ್ಲಿ ಆತ 20 ಪರ್ಸೆಂಟ್ ಕೊಡ್ತಾನಾ ಕೇಳಿ ನೋಡಿ.

ಮೇಡಂ, ನಾನು ಔಷಧ ಕಂಪನಿಯ ಏರಿಯಾ ಮ್ಯಾನೇಜರ್. ಸಂಬಳ ಹದಿನಾಲ್ಕೂವರೆ ಲಕ್ಷ. ಅದರಲ್ಲಿ ತಿಂಗಳಿಗೆ 8,000 ಓಡಾಟದ ಭತ್ಯೆ. ಮಾನ್ವಿ, ಸಿಂಧನೂರು, ಲಿಂಗಸುಗೂರು ಅಂತ ಸ್ವಂತ ಗಾಡಿಯಲ್ಲಿ ಸುತ್ತಬೇಕು. ಟೈ, ಫಾರ್ಮಲ್ ಬಟ್ಟೆ ಕಡ್ಡಾಯ. ನಾನು ಹೊಸ ಪದ್ಧತಿಯಲ್ಲಿದ್ದೇನೆ. ಏನಾದರೂ ಸಿಗುತ್ತಾ? — ರಾಯಚೂರು

ಸಿಗುತ್ತೆ ಸಾರ್, ಆದರೆ ಬಟ್ಟೆಗಲ್ಲ. ಫಾರ್ಮಲ್ ಪ್ಯಾಂಟು, ಟೈ ಮದುವೆಗೂ ಹಾಕಿಕೊಂಡು ಹೋಗಬಹುದು. ಅದನ್ನು ಯೂನಿಫಾರ್ಮ್ ಅಂತ ತೋರಿಸೋದು ಕಷ್ಟ. ಹೊಸ ಪದ್ಧತಿಯಲ್ಲಂತೂ ಆ ಮಾತೇ ಇಲ್ಲ.

ಓಡಾಟದ ಭತ್ಯೆ ಮಾತ್ರ ಹೊಸ ಪದ್ಧತಿಯಲ್ಲೂ ಉಳಿದಿದೆ. ಕೆಲಸದ ಮೇಲೆ ತಿರುಗಿದ್ದಕ್ಕೆ ಖರ್ಚಾದಷ್ಟಕ್ಕೆ ವಿನಾಯಿತಿ. ನಿಮಗೆ ವರ್ಷಕ್ಕೆ 96,000 ಬರುತ್ತೆ, ಚಿಕ್ಕ ಮೊತ್ತವಲ್ಲ. ಮನೆಯಿಂದ ಆಫೀಸಿಗೆ ಹೋಗಿ ಬಂದ ಪೆಟ್ರೋಲ್ ಇದಕ್ಕೆ ಸೇರೋದಿಲ್ಲ. ಒಂದು ಡೈರಿ ಇಡಿ. ತಾರೀಖು, ಊರು, ಯಾವ ಡಾಕ್ಟರ್ ಹತ್ತಿರ ಹೋಗಿದ್ದು, ಗಾಡಿಯ ಮೀಟರ್ ಹೊರಟಾಗ ಎಷ್ಟು, ಬಂದಾಗ ಎಷ್ಟು. ಪೆಟ್ರೋಲ್ ಬಂಕಿನ ಚೀಟಿ ಬಿಸಿಲಿಗೆ ಇಟ್ಟರೆ ಅಕ್ಷರ ಅಳಿಸಿಹೋಗುತ್ತೆ. ರಾಯಚೂರಿನ ಬಿಸಿಲು ನಿಮಗೆ ನಾನು ಹೇಳಬೇಕಾ? ಬಂದ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ.

ಅಕ್ಕಾ, ನಾನು ಲ್ಯಾಬ್ ಟೆಕ್ನಿಷಿಯನ್. ತಿಂಗಳಿಗೆ 22,000 ಅಂತ ಮಾತು, 2,200 ತೆರಿಗೆ ಅಂತ ಹಿಡಿದು ಕೊಡ್ತಾರೆ. ಪೇ ಸ್ಲಿಪ್ ಇಲ್ಲ, ಪಿಎಫ್ ಇಲ್ಲ. ಕೋಟು, ಶೂ ನನ್ನದೇ. ಕೋಟಿನ ಖರ್ಚಿಗಾದರೂ ಸ್ವಲ್ಪ ಬರುತ್ತಾ? — ಕೊಪ್ಪಳ

ಕೋಟಿನ ಖರ್ಚು ಬಿಡು ತಮ್ಮಾ, ಹಿಡಿದ ದುಡ್ಡು ಅಷ್ಟೂ ವಾಪಸ್ ಬರಬೇಕು. 10 ಪರ್ಸೆಂಟ್ ಹಿಡೀತಿದ್ದಾರೆ ಅಂದರೆ ಅವರ ಪುಸ್ತಕದಲ್ಲಿ ನೀನು ನೌಕರ ಅಲ್ಲ, ಫೀ ತಗೊಳ್ಳುವ ಹೊರಗಿನವನು. ಅದು ಸರಿನಾ ತಪ್ಪಾ ಅನ್ನೋದು ಬೇರೆ ಮಾತು, ಕಾರ್ಮಿಕ ಇಲಾಖೆಯಲ್ಲಿ ಒಮ್ಮೆ ವಿಚಾರಿಸು. ತೆರಿಗೆ ಲೆಕ್ಕದಲ್ಲಿ ನಿನ್ನದು ಸಂಬಳವಲ್ಲ, ವೃತ್ತಿಯ ಆದಾಯ. ಕೋಟು, ಶೂ, ಕೆಲಸಕ್ಕಾಗಿ ಓಡಾಡಿದ ಪೆಟ್ರೋಲ್ ಎಲ್ಲ ಅದರಲ್ಲಿ ಕಳೆಯಬಹುದು. ಆದರೆ ಏನೂ ಕಳೆಯದಿದ್ದರೂ ವರ್ಷಕ್ಕೆ 2,64,000 ಆಗುತ್ತೆ, ನಾಲ್ಕು ಲಕ್ಷ ಮುಟ್ಟಲ್ಲ. ಬೇರೆ ಆದಾಯ ಇಲ್ಲದಿದ್ದರೆ 26,400 ಪೂರ್ತಿ ನಿನ್ನದೇ.

ಸಂಬಳದವರ ಐಟಿಆರ್-1 ಹಾಕಬೇಡ, ವೃತ್ತಿಯವರ ಫಾರ್ಮ್ ಬೇರೆ. ಆಗಸ್ಟ್ 31ರೊಳಗೆ ಹಾಕಿಬಿಡು. ತಪ್ಪಿದರೂ ಡಿಸೆಂಬರ್ 31ರವರೆಗೆ ದಾರಿ ಇದೆ. ಅದಕ್ಕೂ ಮುಂಚೆ ಆದಾಯ ತೆರಿಗೆ ವೆಬ್‌ಸೈಟಿನಲ್ಲಿ ನಿನ್ನ ಪ್ಯಾನ್ ಹಾಕಿ ಫಾರ್ಮ್ 26ಎಎಸ್ ತೆಗೆದು ನೋಡು. ತಿಂಗಳು ತಿಂಗಳು ಹಿಡಿದ 2,200 ಅಲ್ಲಿ ಕಾಣಬೇಕು. ಕಾಣದಿದ್ದರೆ ಹಿಡಿದವರು ಸರ್ಕಾರಕ್ಕೆ ಕಟ್ಟಿಲ್ಲ, ಇಲ್ಲವೇ ನಿನ್ನ ಪ್ಯಾನ್ ತಪ್ಪು ಬರೆದಿದ್ದಾರೆ. ಅವರ ಲೆಕ್ಕದವರನ್ನು ಈ ವಾರವೇ ಕೇಳು, ಬಾಯಿಮಾತಲ್ಲಲ್ಲ, ಬರೆದು ಕೊಟ್ಟು.